ಎಣಿಕೆಗೆ ಸಿಗದ ಮಕ್ಕಳು



ವೈದ್ಯನೊಬ್ಬನನ್ನು ವೇದಿಕೆಗೆ ಕರೆದರೆ ರಕ್ತದ ಒತ್ತಡ, ಸಕ್ಕರೆ ಕಾಯಿಲೆ, ಮಂಡಿನೋವುಗಳನ್ನು ಕುರಿತು ಮಾತನಾಡುವನೆಂಬುದು ವಾಡಿಕೆ. ನಮ್ಮ ಕೂಟದ ಕಾರ್ಯಕಾರಿ ಸಮಿತಿಯವರ ನಿರೀಕ್ಷೆಯೂ ಅದೇ ಆಗಿತ್ತೆಂದು ತೋರುತ್ತದೆ. ಅವರ ಕ್ಷಮೆ ಕೋರಿ, ಈ ಸಂಜೆ ನಾವು ಒಂದು ಇಂಗ್ಲಿಷ್ ಕಾದಂಬರಿಯನ್ನು ಕುರಿತು ನಾಲ್ಕು ಮಾತು ಆಡಬಯಸುತ್ತೇವೆ. ಅದು ವಿಲಿಯಂ ಗೋಲ್ಡಿಂಗ್ ಅವರ ‘ಲಾರ್ಡ್ ಆಫ್ ದಿ ಫ್ಲೈಸ್’. ಇಲ್ಲಿ ನೆರೆದಿರುವ ಅನೇಕರ ಮನೆಯ ಕಪಾಟಿನಲ್ಲಿ ಅದರ ಒಂದು ಪ್ರತಿ ಇದ್ದೀತು. ಈ ದೇಶದ ಪ್ರೌಢಶಾಲೆಗಳಲ್ಲಿ ಅದು ಬಹುಕಾಲದಿಂದ ಪಠ್ಯವಾಗಿ ನಡೆದುಬಂದಿದೆ. ನಮ್ಮ ಮಕ್ಕಳು ಅದನ್ನು ಓದುತ್ತಾರೆ, ಪ್ರಬಂಧ ಬರೆಯುತ್ತಾರೆ, ಅಂಕ ಪಡೆಯುತ್ತಾರೆ. ತಂದೆತಾಯಿಗಳಾದ ನಾವು ಅಂಕವನ್ನು ನೋಡಿ ಸುಮ್ಮನಾಗುತ್ತೇವೆ.

ನಮ್ಮ ಮನೆಯಲ್ಲಿಯೂ ಹಾಗೆಯೇ ನಡೆದಿತ್ತು. ಒಂದು ರಾತ್ರಿ, ಆಗ ಹತ್ತನೆಯ ತರಗತಿಯಲ್ಲಿದ್ದ ನಮ್ಮ ಮಗಳು ಸಾರನ್ನ ಕಲಸುತ್ತ, “ಅಪ್ಪಾ, ಇವತ್ತು ಕ್ಲಾಸಿನಲ್ಲಿ ಯಾರು ಯಾವ ಪಾತ್ರ ಅಂತ ಹಂಚಿದರು. ನನ್ನನ್ನು ಎಲ್ಲರೂ ಪಿಗ್ಗಿ ಅಂದರು” ಎಂದಳು. ಹೇಳುವಾಗ ನಕ್ಕಳು. ಆ ನಗು ನಮಗೆ ಸರಿಕಾಣಲಿಲ್ಲ. ಪಿಗ್ಗಿ ಎಂಬುವನು ಆ ಕಥೆಯಲ್ಲಿ ದಪ್ಪ ಗಾಜಿನ ಕನ್ನಡಕ ಧರಿಸಿದ, ಮಾತಿನ ಧಾಟಿ ಬೇರೆಯಾದ, ಬುದ್ಧಿವಂತನಾದರೂ ಎಲ್ಲರ ಹಾಸ್ಯಕ್ಕೆ ಗುರಿಯಾಗುವ, ಕೊನೆಗೆ ಕೊಲೆಯಾಗುವ ಹುಡುಗ. ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗ ಬೆಂಗಳೂರಿನ ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡು, ಊರಿಗೆ ಹೋಗುವ ರೈಲಿನಲ್ಲಿ ಒಂದೇ ಉಸಿರಿಗೆ ಓದಿದ್ದ ಆ ಪುಸ್ತಕವನ್ನು ಮಗಳ ಚೀಲದಿಂದ ತೆಗೆದುಕೊಂಡು ಎರಡು ರಾತ್ರಿ ಮತ್ತೆ ಓದಿದೆವು. ಮೊದಲ ಓದಿನಲ್ಲಿ ಕಣ್ಣಿಗೆ ಬೀಳದಿದ್ದ ಒಂದು ಸಂಗತಿ ಈ ಸಲ ಕಂಡಿತು. ಇಂದಿನ ಮಾತೆಲ್ಲ ಅದರ ಸುತ್ತಲೇ ಇದೆ.

ಮೊದಲು ಗ್ರಂಥಕರ್ತರ ವಿಷಯ. ಗೋಲ್ಡಿಂಗ್ ಅವರು ಹುಟ್ಟಿದ್ದು ೧೯೧೧ರಲ್ಲಿ, ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿ. ವೃತ್ತಿಯಿಂದ ಉಪಾಧ್ಯಾಯರು, ಸಾಲ್ಸ್‌ಬರಿ ಪಟ್ಟಣದ ಬಿಷಪ್ ವರ್ಡ್ಸ್‌ವರ್ತ್ ಶಾಲೆಯಲ್ಲಿ ಗಂಡುಹುಡುಗರಿಗೆ ಪಾಠ ಹೇಳುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯನ್ನು ಸೇರಿ, ೧೯೪೪ರ ಜೂನ್ ತಿಂಗಳಿನಲ್ಲಿ ಮಿತ್ರಪಡೆಗಳು ನಾರ್ಮಂಡಿ ತೀರದಲ್ಲಿ ಇಳಿದಾಗ ರಾಕೆಟ್ಟುಗಳನ್ನು ಹಾರಿಸುವ ನೌಕೆಯೊಂದರ ಅಧಿಪತಿಯಾಗಿದ್ದರು. ಯುದ್ಧ ಮುಗಿದ ಮೇಲೆ ಮತ್ತೆ ಅದೇ ಶಾಲೆ, ಅದೇ ಹುಡುಗರು. ಮನುಷ್ಯರು ಒಬ್ಬರಿಗೊಬ್ಬರು ಏನು ಮಾಡಬಲ್ಲರೆಂಬುದನ್ನು ಕಡಲಿನಲ್ಲಿ ಕಂಡವರು, ಹನ್ನೆರಡು ವರ್ಷದ ಹುಡುಗರು ಆಟದ ಮೈದಾನದಲ್ಲಿ ಏನು ಮಾಡುತ್ತಾರೆಂಬುದನ್ನು ದಿನವೂ ಕಾಣುತ್ತಿದ್ದರು. ಈ ಎರಡು ಅನುಭವಗಳೂ ಕೂಡಿದಾಗ ಹುಟ್ಟಿದ್ದು ಈ ಕಾದಂಬರಿ.

ಹಸ್ತಪ್ರತಿಯನ್ನು ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಹಿಂದಿರುಗಿಸಿದರು. ಫೇಬರ್ ಸಂಸ್ಥೆಯಲ್ಲಿಯೂ ಮೊದಲು ಓದಿದವರು ಬೇಡವೆಂದೇ ಷರಾ ಬರೆದಿದ್ದರು. ಚಾರ್ಲ್ಸ್ ಮಾಂಟೀತ್ ಎಂಬ ತರುಣ ಸಂಪಾದಕರು ಅದನ್ನು ಮತ್ತೆ ಎತ್ತಿಕೊಂಡು ಓದಿ ಉಳಿಸಿದರು. ಅಣುಯುದ್ಧದ ವರ್ಣನೆಯಿದ್ದ ಆರಂಭದ ಭಾಗವನ್ನು ತೆಗೆಸಿದರು. ‘ಒಳಗಿನಿಂದ ಬಂದ ಅಪರಿಚಿತರು’ ಎಂಬರ್ಥದ ಮೊದಲಿನ ಹೆಸರೂ ಹೋಯಿತು. ೧೯೫೪ರ ಸೆಪ್ಟೆಂಬರಿನಲ್ಲಿ ಪುಸ್ತಕ ಹೊರಬಂದಿತು. ೧೯೮೩ರಲ್ಲಿ ಲೇಖಕರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ೧೯೯೩ರಲ್ಲಿ ಅವರು ತೀರಿಕೊಂಡರು.

ಈ ಕಾದಂಬರಿ ಒಂದು ಹಳೆಯ ಪುಸ್ತಕಕ್ಕೆ ಕೊಟ್ಟ ಉತ್ತರವೆಂಬುದನ್ನು ಮರೆಯಬಾರದು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಬ್ಯಾಲಂಟೈನ್ ಎಂಬುವರು ‘ದಿ ಕೋರಲ್ ಐಲೆಂಡ್’ ಎಂಬ ಸಾಹಸ ಕಥೆ ಬರೆದರು. ಹಡಗು ಒಡೆದು ದ್ವೀಪ ಸೇರಿದ ಮೂವರು ಇಂಗ್ಲಿಷ್ ಹುಡುಗರು ಅಲ್ಲಿ ನಗುನಗುತ್ತ ಸಭ್ಯರಾಗಿ ಬಾಳುತ್ತಾರೆ. ಬರ್ಬರತೆಯೆಲ್ಲ ಹೊರಗಿನಿಂದ, ಕಂದು ಬಣ್ಣದ ದ್ವೀಪವಾಸಿಗಳ ರೂಪದಲ್ಲಿ ಬರುತ್ತದೆ. ಗೋಲ್ಡಿಂಗ್ ಅವರು ಆ ಹುಡುಗರ ಹೆಸರುಗಳಲ್ಲಿ ಎರಡನ್ನು, ರಾಲ್ಫ್ ಮತ್ತು ಜಾಕ್ ಎಂಬವನ್ನು, ಹಾಗೆಯೇ ಉಳಿಸಿಕೊಂಡರು. ಬರ್ಬರರನ್ನು ಮಾತ್ರ ಹೊರಗಿನಿಂದ ತರಿಸಲಿಲ್ಲ. ಒಂದು ಕಾಲಕ್ಕೆ ಆ ಸಾಮ್ರಾಜ್ಯದ ಪ್ರಜೆಗಳಾಗಿದ್ದವರ ಮಕ್ಕಳಾದ ನಮಗೆ ಇದರ ಸ್ವಾರಸ್ಯ ಸ್ವಲ್ಪ ಹೆಚ್ಚಾಗಿಯೇ ತಿಳಿಯಬೇಕು. ಹಾಗೆಂದು ಪುಸ್ತಕವು ಆ ಹಳೆಯ ಕೊಳೆಯಿಂದ ಪೂರ್ತಿ ಮುಕ್ತವಾಗಿಯೂ ಇಲ್ಲ. ವಿವೇಕದ ಮಾತಾಡುವ ಪಿಗ್ಗಿಯೇ, ಮುಖಕ್ಕೆ ಬಣ್ಣ ಬಳಿದುಕೊಂಡ ಹುಡುಗರನ್ನು ಹೀಯಾಳಿಸುವಾಗ ಕಪ್ಪು ಜನರನ್ನು ಅವಮಾನಿಸುವ ಶಬ್ದವೊಂದನ್ನು ಬಳಸುತ್ತಾನೆ. ಮುಂದಿನ ಮುದ್ರಣಗಳಲ್ಲಿ ಅದನ್ನು ಬದಲಾಯಿಸಿದ್ದಾರೆ.

ಇನ್ನು ಕಥೆ. ಯುದ್ಧಕಾಲದಲ್ಲಿ ಮಕ್ಕಳನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸುತ್ತಿದ್ದ ವಿಮಾನವೊಂದು ನಿರ್ಜನ ದ್ವೀಪದ ಮೇಲೆ ಬೀಳುತ್ತದೆ. ದೊಡ್ಡವರಾರೂ ಉಳಿಯುವುದಿಲ್ಲ. ಉಳಿದ ಹುಡುಗರಲ್ಲಿ ಹಿರಿಯರಿಗೆ ಹನ್ನೆರಡು ವರ್ಷ, ಕಿರಿಯರಿಗೆ ಆರು. ರಾಲ್ಫ್‌ಗೆ ಕಡಲಿನ ದಂಡೆಯಲ್ಲಿ ಒಂದು ಶಂಖ ಸಿಗುತ್ತದೆ. ಅದನ್ನು ಊದುವ ಬಗೆಯನ್ನು ಪಿಗ್ಗಿ ಹೇಳಿಕೊಡುತ್ತಾನೆ. ಶಂಖಧ್ವನಿ ಕೇಳಿ ಕಾಡಿನ ಮೂಲೆಮೂಲೆಯಿಂದ ಮಕ್ಕಳು ಬಂದು ಸೇರುತ್ತಾರೆ. ಚರ್ಚಿನ ಗಾಯನ ವೃಂದದ ಹುಡುಗರು ಕಪ್ಪು ನಿಲುವಂಗಿ ತೊಟ್ಟು ಸಾಲಾಗಿ ನಡೆದು ಬರುತ್ತಾರೆ. ಅವರ ಮುಂದಾಳು ಜಾಕ್. ಚುನಾವಣೆ ನಡೆದು ರಾಲ್ಫ್ ನಾಯಕನಾಗುತ್ತಾನೆ. ಅವನು ಗೆದ್ದದ್ದು ಬುದ್ಧಿಯಿಂದಲ್ಲ. ಮೈಕಟ್ಟು ಚೆನ್ನಾಗಿತ್ತು, ಕೈಯಲ್ಲಿ ಶಂಖವಿತ್ತು. ಸೋತ ಜಾಕ್‌ನ ಮುಖ ಕೆಂಪಾದುದನ್ನು ಕಂಡು ರಾಲ್ಫ್ ಅವನ ಗುಂಪನ್ನು ಅವನಿಗೇ ಬಿಟ್ಟುಕೊಡುತ್ತಾನೆ. ಅವರು ಬೇಟೆಗಾರರಾಗಲಿ ಎಂಬ ತೀರ್ಮಾನವಾಗುತ್ತದೆ. ಸೌಜನ್ಯದಿಂದ ಮಾಡಿದ ಕೆಲಸ. ಆದರೆ ದ್ವೀಪದಲ್ಲಿದ್ದ ಆಯುಧಗಳೆಲ್ಲ ಅದೊಂದೇ ಗಳಿಗೆಯಲ್ಲಿ ಒಬ್ಬನ ಕೈ ಸೇರಿದವು.

ಸಾಮಾನ್ಯವಾಗಿ ಶಾಲೆಗಳಲ್ಲಿ ರಾಲ್ಫ್ ಪ್ರಜಾಪ್ರಭುತ್ವ, ಜಾಕ್ ಸರ್ವಾಧಿಕಾರ, ಪಿಗ್ಗಿ ವಿಜ್ಞಾನ, ಸೈಮನ್ ಎಂಬ ಮೌನಿ ಹುಡುಗ ಸಂತ ಎಂದು ಹೇಳಿಕೊಡುತ್ತಾರೆ. ತಪ್ಪೇನಿಲ್ಲ. ಆದರೆ ಹೀಗೆ ಚೀಟಿ ಅಂಟಿಸಿದರೆ ರಾಲ್ಫ್ ಏಕೆ ಸೋತನೆಂಬುದು ತಿಳಿಯುವುದಿಲ್ಲ.

ರಾಲ್ಫ್ ಅವರಿಗೆ ಹೇಳಿದ ಕೆಲಸಗಳನ್ನು ನೋಡಿರಿ. ಬೆಟ್ಟದ ತುದಿಯಲ್ಲಿ ಸದಾ ಬೆಂಕಿ ಉರಿಸಿ ಹೊಗೆ ಏಳುವಂತೆ ನೋಡಿಕೊಳ್ಳಬೇಕು, ಹಾದುಹೋಗುವ ಹಡಗು ಕಾಣಲೆಂದು. ಗುಡಿಸಲು ಕಟ್ಟಬೇಕು. ಹೊಳೆಯ ನೀರನ್ನು ತೆಂಗಿನ ಚಿಪ್ಪುಗಳಲ್ಲಿ ತುಂಬಿ ಎಲೆ ಮುಚ್ಚಿಡಬೇಕು. ಮಲವಿಸರ್ಜನೆಗೆ ಅಲೆಗಳು ತೊಳೆದುಕೊಂಡು ಹೋಗುವ ಬಂಡೆಗಳಾಚೆಗೇ ಹೋಗಬೇಕು. ಸಾರ್ವಜನಿಕ ಆರೋಗ್ಯಶಾಸ್ತ್ರದ ಮೊದಲ ಪಾಠವೇ ಇದು. ಸಭೆಯಲ್ಲಿ ಎಲ್ಲರೂ ಒಪ್ಪುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಮರುದಿನ ಯಾರೂ ಮಾಡುವುದಿಲ್ಲ. ಮೊದಲನೆಯ ಗುಡಿಸಲನ್ನು ಎಲ್ಲರೂ ಸೇರಿ ಕಟ್ಟಿದರು, ಎರಡನೆಯದನ್ನು ನಾಲ್ವರು, ಮೂರನೆಯದನ್ನು ರಾಲ್ಫ್ ಮತ್ತು ಸೈಮನ್ ಇಬ್ಬರೇ. ರಾಜ್ಯೋತ್ಸವದ ಸಮಾರಂಭಕ್ಕೆ ಮುನ್ನೂರು ಜನ ಸೇರಿ, ಕೊನೆಯಲ್ಲಿ ಕುರ್ಚಿ ಮಡಚಲು ಇಬ್ಬರು ಉಳಿಯುವ ನಮ್ಮ ಕೂಟದ ಸದಸ್ಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಜಾಕ್ ಕೊಟ್ಟದ್ದು ಬೇರೆ. ಮಾಂಸ ಕೊಟ್ಟ, ಕುಣಿತ ಕೊಟ್ಟ, ಮುಖಕ್ಕೆ ಬಳಿದುಕೊಳ್ಳಲು ಬಣ್ಣ ಕೊಟ್ಟ. ಎಲ್ಲಕ್ಕಿಂತ ಮಿಗಿಲಾಗಿ, ಚಿಕ್ಕ ಮಕ್ಕಳ ಭಯಕ್ಕೆ ಅವನ ಬಳಿ ಉತ್ತರವಿತ್ತು. ಕಾಡಿನಲ್ಲಿ ಮೃಗವೊಂದಿದೆ ಎಂಬ ಹೆದರಿಕೆ ಮಕ್ಕಳಲ್ಲಿ ಹಬ್ಬುತ್ತದೆ. ಮೃಗವೆಂಬುದೇ ಇಲ್ಲವೆಂದು ಪಿಗ್ಗಿ ತರ್ಕದಿಂದ ಹೇಳುತ್ತಾನೆ. ಇದ್ದರೆ ಬೇಟೆಯಾಡಿ ಕೊಲ್ಲುತ್ತೇವೆ ಎಂದು ಜಾಕ್ ಹೇಳುತ್ತಾನೆ. ಹೆದರಿದ ರೋಗಿಗೆ ‘ನಿಮಗೇನೂ ಆಗಿಲ್ಲ, ಹೋಗಿ’ ಎಂದರೆ ಅವನು ಇನ್ನೊಬ್ಬ ವೈದ್ಯನನ್ನು ಹುಡುಕಿಕೊಂಡು ಹೋಗುತ್ತಾನೆಂಬುದನ್ನು ನಾವು ವೃತ್ತಿಯಲ್ಲಿ ಕಂಡಿದ್ದೇವೆ. ಭಯವನ್ನು ಅಲ್ಲಗಳೆದವನಿಗಿಂತ ಭಯವನ್ನು ಒಪ್ಪಿ ಅದಕ್ಕೊಂದು ಶತ್ರುವನ್ನು ತೋರಿಸಿದವನ ಹಿಂದೆ ಜನ ಹೋಗುತ್ತಾರೆ. ಆ ಮೃಗವಾದರೋ, ಆಕಾಶದ ಕದನದಲ್ಲಿ ಸತ್ತು ಪ್ಯಾರಾಚೂಟಿನೊಡನೆ ಬೆಟ್ಟದ ಮೇಲೆ ಬಿದ್ದಿದ್ದ ಒಬ್ಬ ಸೈನಿಕನ ಶವ. ಹಿರಿಯರ ಲೋಕದಿಂದ ಆ ಮಕ್ಕಳಿಗೆ ಬಂದ ಏಕೈಕ ಸಂದೇಶ ಅದು.

ಈಗ ನಮ್ಮ ಕಣ್ಣಿಗೆ ಬಿದ್ದ ಸಂಗತಿಗೆ ಬರೋಣ. ಆ ದ್ವೀಪದಲ್ಲಿ ಎಷ್ಟು ಮಕ್ಕಳಿದ್ದರು? ಕಾದಂಬರಿಯಲ್ಲಿ ಉತ್ತರವಿಲ್ಲ, ಏಕೆಂದರೆ ಅಲ್ಲಿ ಯಾರಿಗೂ ಅದು ಗೊತ್ತಿಲ್ಲ. ಮೊದಲನೆಯ ದಿನವೇ ಎಲ್ಲರ ಹೆಸರುಗಳ ಪಟ್ಟಿ ಮಾಡಬೇಕೆಂದು ಹೊಳೆದದ್ದು ಪಿಗ್ಗಿಗೆ ಒಬ್ಬನಿಗೇ. ಹಿರಿಯ ಹುಡುಗರ ಹೆಸರು ಕೇಳಿದ. ಚಿಕ್ಕ ಮಕ್ಕಳು ನಿಂತಲ್ಲಿ ನಿಲ್ಲಲಿಲ್ಲ, ಪಟ್ಟಿ ಮುಗಿಯಲಿಲ್ಲ, ಯಾರೂ ನೆರವಾಗಲಿಲ್ಲ. ಆ ಮಕ್ಕಳಲ್ಲಿ ಮುಖದ ಮೇಲೆ ಹಿಪ್ಪುನೇರಳೆ ಬಣ್ಣದ ದೊಡ್ಡ ಮಚ್ಚೆಯಿದ್ದ ಒಬ್ಬ ಪುಟ್ಟ ಹುಡುಗನಿದ್ದ. ಮೃಗದ ಮಾತನ್ನು ಮೊದಲು ಎತ್ತಿದವನೂ ಅವನೇ. ಅದೇ ದಿನ ಹುಡುಗರೆಲ್ಲ ಉತ್ಸಾಹದಿಂದ ಬೆಟ್ಟಕ್ಕೆ ಓಡಿ ಬೆಂಕಿ ಹಚ್ಚುತ್ತಾರೆ. ಅದು ಕೈಮೀರಿ ಕಾಡನ್ನು ಸುಡುತ್ತದೆ. ಹೊಗೆ ಅಡಗುವ ಮೊದಲೇ ಪಿಗ್ಗಿ ಕೇಳುತ್ತಾನೆ, ಆ ಮಚ್ಚೆಯ ಹುಡುಗ ಎಲ್ಲಿ ಎಂದು. ಯಾರೂ ಉತ್ತರ ಕೊಡುವುದಿಲ್ಲ. ಅವನು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ.

ಗಮನಿಸಿರಿ, ಆಗ ಇನ್ನೂ ಬರ್ಬರತೆ ಆರಂಭವಾಗಿಲ್ಲ. ಶಂಖವಿದೆ, ಸಭೆಯಿದೆ, ಚುನಾಯಿತ ನಾಯಕನಿದ್ದಾನೆ, ಜಾಕ್ ಕೂಡ ನಿಯಮ ಬೇಕೆಂದು ಹೇಳುತ್ತಿದ್ದಾನೆ. ನಾಗರಿಕತೆಯ ಎಲ್ಲ ಲಕ್ಷಣಗಳೂ ಇರುವಾಗಲೇ ಒಂದು ಮಗು ಇಲ್ಲವಾಯಿತು. ಎಷ್ಟಿದ್ದವೆಂದು ಎಣಿಸಿರಲಿಲ್ಲವಾದ್ದರಿಂದ ಎಷ್ಟು ಉಳಿದವೆಂದು ಹೇಳುವಂತೆಯೂ ಇರಲಿಲ್ಲ. ಹಿರಿಯ ಹುಡುಗರು ಕಾಲು ನೋಡುತ್ತ ನಿಂತರು. ಆ ಮಾತನ್ನು ಮತ್ತೆ ಎತ್ತುವುದು ಅವರಿಗೆ ಬೇಡವಾಯಿತು. ನಮ್ಮ ಅಭಿಪ್ರಾಯದಲ್ಲಿ ಆ ದ್ವೀಪದ ರಾಜ್ಯ ಬಿದ್ದದ್ದು ಹಂದಿಯ ಬೇಟೆಯ ದಿನವಲ್ಲ, ಆ ಸಂಜೆಯೇ.

ಇದು ನಮ್ಮ ಮನಸ್ಸಿಗೆ ಇಷ್ಟು ನಾಟಲು ಒಂದು ಕಾರಣವಿದೆ, ಹೇಳಿಬಿಡುತ್ತೇವೆ. ಈ ದೇಶದಲ್ಲಿ ರೆಸಿಡೆನ್ಸಿಯ ಎರಡನೆಯ ವರ್ಷ. ಒಂದು ರಾತ್ರಿ ನಮ್ಮ ವಾರ್ಡಿನಲ್ಲಿ ಹಾಸಿಗೆ ಸಾಲದೆ, ನ್ಯುಮೋನಿಯಾದ ವೃದ್ಧರೊಬ್ಬರನ್ನು ಬೇರೊಂದು ಮಹಡಿಯ ಶಸ್ತ್ರಚಿಕಿತ್ಸೆಯ ವಾರ್ಡಿಗೆ ಸಾಗಿಸಿದರು. ಬೆಳಿಗ್ಗೆ ಸರದಿ ಬದಲಾಯಿತು. ನಮ್ಮ ಪಟ್ಟಿಯಲ್ಲಿ ೧೭ ಹೆಸರುಗಳಿದ್ದವು, ಇರಬೇಕಾದದ್ದು ೧೮. ಅವರು ನಮ್ಮವರೆಂದು ಆ ವಾರ್ಡಿನವರು, ಆ ವಾರ್ಡಿನವರೆಂದು ನಾವು, ಹೀಗೆ ಇಡೀ ಹಗಲು ಯಾವ ವೈದ್ಯರೂ ಅವರ ಮುಖ ನೋಡಲಿಲ್ಲ. ಸಂಜೆ ದಾದಿಯೊಬ್ಬರು ಫೋನ್ ಮಾಡಿ, ಈ ರೋಗಿ ಯಾರವರು ಎಂದು ಕೇಳಿದಾಗ ನಾವು ಮೆಟ್ಟಿಲು ಹತ್ತಿ ಓಡಿದೆವು. ಅವರು ಬದುಕಿದರು, ನಾಲ್ಕು ದಿನಕ್ಕೆ ಮನೆಗೆ ಹೋಗಬೇಕಾದವರು ಹದಿನೈದು ದಿನ ನರಳಿ ಹೋದರು. ಯಾರೂ ಕ್ರೂರಿಗಳಾಗಿರಲಿಲ್ಲ. ಆಸ್ಪತ್ರೆಯಲ್ಲಿ ನಿಯಮಗಳಿಗೇನೂ ಕೊರತೆಯಿರಲಿಲ್ಲ. ಆ ಬೆಳಿಗ್ಗೆ ಪಟ್ಟಿ ಬರೆದವರು ನಾವೇ.

ಎಣಿಕೆ ತಪ್ಪಿದ ಮೇಲೆ ಉಳಿದದ್ದೆಲ್ಲ ಒಂದೊಂದಾಗಿ ಜಾರುತ್ತದೆ. ಗೋಲ್ಡಿಂಗ್ ಅವರ ಪ್ರತಿಭೆ ಈ ಜಾರುವಿಕೆಯ ಒಂದೊಂದು ಹೆಜ್ಜೆಯನ್ನೂ ತೋರಿಸುವುದರಲ್ಲಿದೆ. ಮೊದಲ ಹಂದಿಮರಿ ಬಳ್ಳಿಗಳಲ್ಲಿ ಸಿಕ್ಕಿಬಿದ್ದಾಗ ಜಾಕ್‌ನ ಚಾಕು ಮೇಲೆತ್ತಿದಂತೆಯೇ ನಿಂತುಬಿಡುತ್ತದೆ. ಇರಿಯಲು ಕೈ ಬರುವುದಿಲ್ಲ. ಆಮೇಲೊಂದು ಪ್ರಸಂಗ: ರೋಜರ್ ಎಂಬ ಹುಡುಗ ಮರದ ಮರೆಯಲ್ಲಿ ನಿಂತು, ದಂಡೆಯಲ್ಲಿ ಆಡುತ್ತಿರುವ ಚಿಕ್ಕವನ ಕಡೆಗೆ ಕಲ್ಲು ಬೀಸುತ್ತಾನೆ. ಆದರೆ ಗುರಿ ತಪ್ಪುವಂತೆಯೇ ಬೀಸುತ್ತಾನೆ. ಮಗುವಿನ ಸುತ್ತ ಕೆಲವು ಗಜದಷ್ಟು ಅಗಲದ ಒಂದು ಅದೃಶ್ಯ ವರ್ತುಲವಿದೆ. ಅದರೊಳಕ್ಕೆ ಎಸೆಯಲು ಅವನಿಗೆ ಧೈರ್ಯವಿಲ್ಲ. ತಂದೆತಾಯಿ, ಶಾಲೆ, ಪೊಲೀಸು, ಕಾನೂನು ಇವರಾರೂ ಅಲ್ಲಿಲ್ಲ. ಆದರೂ ಅವರೆಲ್ಲರ ಕೈ ಅವನ ತೋಳನ್ನು ಹಿಡಿದಿದೆ. ನಾಗರಿಕತೆಯೆಂದರೇನೆಂದು ಯಾರಾದರೂ ಕೇಳಿದರೆ ನಾವು ಈ ಒಂದು ಪುಟವನ್ನು ತೋರಿಸುತ್ತೇವೆ. ಅದೇ ರೋಜರ್ ಕೊನೆಯಲ್ಲಿ, ಪಿಗ್ಗಿಯ ಮೇಲೆ ಬಂಡೆಯನ್ನು ಉರುಳಿಸುತ್ತಾನೆ. ನಡುವೆ ಅವನಿಗೆ ಯಾರೂ ದುಷ್ಟತನವನ್ನು ಹೇಳಿಕೊಡಲಿಲ್ಲ. ಹಿಡಿದಿದ್ದ ಕೈ ಸಡಿಲಿತು, ಅಷ್ಟೆ.

ಸೈಮನ್‌ನ ಸಾವು ಇದಕ್ಕಿಂತ ಹೆಚ್ಚು ಕಷ್ಟದ್ದು. ಆಗಾಗ ಮೂರ್ಛೆ ಹೋಗುವ ಹುಡುಗ ಅವನು. (ಅಪಸ್ಮಾರವಿರಬಹುದೆಂದು ವೈದ್ಯಬುದ್ಧಿಗೆ ಹೊಳೆಯುತ್ತದೆ, ಕಾದಂಬರಿ ರೋಗದ ಹೆಸರು ಹೇಳುವುದಿಲ್ಲ.) ಕೋಲಿಗೆ ಚುಚ್ಚಿ ನಿಲ್ಲಿಸಿದ ಹಂದಿಯ ತಲೆ, ಅದಕ್ಕೆ ಮುತ್ತಿದ ನೊಣಗಳು, ಪುಸ್ತಕದ ಹೆಸರು ಬಂದದ್ದು ಅದರಿಂದ. ಅದರ ಮುಂದೆ ಕುಳಿತ ಸೈಮನ್‌ಗೆ ಮೃಗವೆಂಬುದು ಹೊರಗಿಲ್ಲವೆಂದು ಹೊಳೆಯುತ್ತದೆ. ಬೆಟ್ಟ ಹತ್ತಿ ಶವವನ್ನು ಕಂಡು, ಸತ್ಯವನ್ನು ಹೇಳಲು ಕತ್ತಲಲ್ಲಿ ತೆವಳುತ್ತ ಬಂದರೆ, ಗುಡುಗುಮಳೆಯ ನಡುವೆ ಕುಣಿಯುತ್ತಿದ್ದ ಗುಂಪು ಅವನನ್ನೇ ಮೃಗವೆಂದು ಬಗೆದು ಕೈಗಳಿಂದ, ಹಲ್ಲುಗಳಿಂದ ಕೊಲ್ಲುತ್ತದೆ. ಆ ಗುಂಪಿನ ಅಂಚಿನಲ್ಲಿ ರಾಲ್ಫ್ ಇದ್ದ, ಪಿಗ್ಗಿಯೂ ಇದ್ದ. ಮರುದಿನ ರಾಲ್ಫ್ ಅದನ್ನು ಕೊಲೆಯೆಂದು ಹೆಸರಿಟ್ಟು ಕರೆಯುತ್ತಾನೆ. ಪಿಗ್ಗಿ ಒಪ್ಪುವುದಿಲ್ಲ: ಕತ್ತಲಿತ್ತು, ಹೆದರಿಕೆಯಿತ್ತು, ಆಕಸ್ಮಿಕ. ಅವಳಿ ಹುಡುಗರು ತಾವು ಬೇಗನೆ ಹೊರಟುಹೋಗಿದ್ದೆವೆನ್ನುತ್ತಾರೆ. ವಿಜ್ಞಾನದ ಪ್ರತಿನಿಧಿಯೆಂದು ನಾವು ಮೆಚ್ಚುವ ಪಿಗ್ಗಿ ಇಲ್ಲಿ ತನ್ನ ಕಣ್ಣನ್ನೇ ನಂಬಲು ಒಲ್ಲದವನಾಗುತ್ತಾನೆ. ಪಿಗ್ಗಿಯನ್ನು ಪ್ರೀತಿಸುವವರು ಈ ಪುಟವನ್ನು ದಾಟಿ ಹೋಗಬಾರದು.

ಪಿಗ್ಗಿಯ ಮಾತು ಬಂದಿತು. ಅವನ ಕನ್ನಡಕದ ವಿಷಯವಾಗಿ ಒಂದು ಸಣ್ಣ ತಕರಾರು. ಅವನಿಗೆ ಸಮೀಪದೃಷ್ಟಿಯ ದೋಷವೆಂದು ಕಾದಂಬರಿ ಸ್ಪಷ್ಟವಾಗಿ ಹೇಳುತ್ತದೆ. ಅದಕ್ಕೆ ಕೊಡುವುದು ನಿಮ್ನ ಮಸೂರ. ಅದು ಬಿಸಿಲಿನ ಕಿರಣಗಳನ್ನು ಚದುರಿಸುತ್ತದೆಯೇ ಹೊರತು ಒಂದೆಡೆ ಕೂಡಿಸುವುದಿಲ್ಲ. ಹುಡುಗರು ಬೆಂಕಿ ಹೊತ್ತಿಸುವುದು ಆ ಕನ್ನಡಕದಿಂದಲೇ! ಪೀನ ಮಸೂರವಿಲ್ಲದೆ ಅದು ಆಗದ ಕೆಲಸವೆಂದು ಪ್ರೌಢಶಾಲೆಯ ವಿದ್ಯಾರ್ಥಿಯೂ ಹೇಳಿಯಾನು. ಇದನ್ನು ಗುರುತಿಸಿದವರಲ್ಲಿ ನಾವು ಮೊದಲಿಗರೇನೂ ಅಲ್ಲ. ಕಥೆಗೆ ಅದರಿಂದ ಹಾನಿಯೂ ಇಲ್ಲ.

ಹಾನಿಯಿರುವುದು ಇನ್ನೊಂದರಲ್ಲಿ. ಪಿಗ್ಗಿ ಎಂಬುದು ಅವನ ಹೆಸರಲ್ಲ. ಹಿಂದಿನ ಶಾಲೆಯಲ್ಲಿ ಕರೆಯುತ್ತಿದ್ದ ಆ ಅಡ್ಡಹೆಸರನ್ನು ಯಾರಿಗೂ ಹೇಳಬೇಡವೆಂದು ಅವನು ರಾಲ್ಫ್‌ನನ್ನು ಬೇಡಿಕೊಳ್ಳುತ್ತಾನೆ. ರಾಲ್ಫ್ ಮೊದಲ ಸಭೆಯಲ್ಲಿಯೇ ಅದನ್ನು ಎಲ್ಲರೆದುರು ಕೂಗಿ ನಗಿಸುತ್ತಾನೆ. ನಿಜವಾದ ಹೆಸರೇನೆಂದು ರಾಲ್ಫ್ ಕೇಳುವುದಿಲ್ಲ, ಬೇರೆ ಯಾರೂ ಕೇಳುವುದಿಲ್ಲ. ಎಲ್ಲರ ಹೆಸರನ್ನೂ ಬರೆದುಕೊಳ್ಳಬೇಕೆಂದವನ ಹೆಸರು ಪುಸ್ತಕದ ಕೊನೆಯ ಪುಟದವರೆಗೂ ನಮಗೆ ತಿಳಿಯುವುದಿಲ್ಲ. ಅವನ ಉಬ್ಬಸ, ಅವನ ದೇಹ, ಸಾಮಾನ್ಯ ಜನರ ಮನೆಯ ಅವನ ಮಾತಿನ ಧಾಟಿ ಎಲ್ಲವೂ ಹಾಸ್ಯಕ್ಕೆ ವಸ್ತು. ತಮ್ಮ ಹೆಸರನ್ನು ಹಾಜರಿ ಕರೆಯುವವರು ಅರ್ಧಕ್ಕೇ ನಿಲ್ಲಿಸಿ ನಗುವುದನ್ನು ಕಂಡ ನಮ್ಮ ಮಕ್ಕಳಿಗೆ ಇದು ಪುಸ್ತಕದ ಮಾತಲ್ಲ. ಎಷ್ಟೋ ಮಕ್ಕಳು ಆ ಕಷ್ಟವೇ ಬೇಡವೆಂದು ತಮ್ಮ ಹೆಸರನ್ನು ತಾವೇ ಎರಡಕ್ಷರಕ್ಕೆ ಇಳಿಸಿಕೊಂಡಿರುತ್ತಾರೆ. ಮನೆಯಲ್ಲಿ ಹೇಳುವುದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಮಕ್ಕಳು ನಿಜವಾಗಿಯೂ ಹೀಗೆಯೇ ಇರುತ್ತಾರೆಯೆ? ಮಗು ವಿಶ್ವಮಾನವನಾಗಿಯೇ ಹುಟ್ಟುತ್ತದೆ, ಅದನ್ನು ಸಂಕುಚಿತಗೊಳಿಸುವವರು ನಾವು ಎಂದು ಸಾರಿದ ಕುವೆಂಪು ಅವರನ್ನು ಓದಿ ಬೆಳೆದ ನಾವು ಗೋಲ್ಡಿಂಗ್ ಅವರನ್ನು ಹಾಗೆಯೇ ಒಪ್ಪಿಕೊಳ್ಳಬೇಕೆ?

ಕಾದಂಬರಿ ಪ್ರಕಟವಾದ ೧೯೫೪ರ ಬೇಸಿಗೆಯಲ್ಲಿಯೇ ಅಮೆರಿಕದ ಒಕ್ಲಹೋಮ ರಾಜ್ಯದಲ್ಲಿ ಮುಜಾಫರ್ ಷರೀಫ್ ಎಂಬ ಮನಶ್ಶಾಸ್ತ್ರಜ್ಞರು ಸುಮಾರು ಹನ್ನೊಂದು ವರ್ಷದ ೨೨ ಹುಡುಗರನ್ನು ಶಿಬಿರಕ್ಕೆ ಕರೆದೊಯ್ದು ಎರಡು ತಂಡ ಮಾಡಿದರು. ಬಹುಮಾನದ ಆಟಗಳನ್ನು ಹೂಡಿದೊಡನೆ ಹುಡುಗರು ಒಬ್ಬರ ಬಾವುಟವನ್ನೊಬ್ಬರು ಸುಟ್ಟರು, ಬಿಡಾರಗಳಿಗೆ ನುಗ್ಗಿದರು. ಕುಡಿಯುವ ನೀರು ನಿಂತುಹೋದಂಥ, ಎರಡು ತಂಡಗಳೂ ಸೇರಿ ಮಾಡಲೇಬೇಕಾದ ಕೆಲಸಗಳನ್ನು ಒಡ್ಡಿದಾಗ ಹಗೆ ಕರಗಿತು. ಈ ಪ್ರಯೋಗ ಪಠ್ಯಪುಸ್ತಕಗಳಲ್ಲಿ ಪ್ರಸಿದ್ಧವಾಗಿದೆ. ಅಷ್ಟು ಪ್ರಸಿದ್ಧವಲ್ಲದ ಇನ್ನೊಂದನ್ನು ಜೀನಾ ಪೆರಿ ಎಂಬ ಲೇಖಕಿ ೨೦೧೮ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಹಿಂದಿನ ವರ್ಷ, ೧೯೫೩ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ ಇಂಥದೇ ಶಿಬಿರ ನಡೆದಿತ್ತು. ಅಲ್ಲಿ ಹುಡುಗರಿಗೆ ಮೊದಲು ಪರಸ್ಪರ ಸ್ನೇಹವಾಗಲು ಅವಕಾಶವಿತ್ತು. ಆಮೇಲೆ ಸಂಶೋಧಕರೇ ಗುಟ್ಟಾಗಿ ಕೀಟಲೆ ಮಾಡಿ ಜಗಳ ಹಚ್ಚಲು ನೋಡಿದರೂ ಹುಡುಗರು ಒಬ್ಬರ ಮೇಲೊಬ್ಬರು ತಿರುಗಿಬೀಳಲಿಲ್ಲ. ಹಿರಿಯರ ಮೇಲೆಯೇ ಸಂಶಯಪಟ್ಟರು. ಪ್ರಯೋಗವನ್ನು ಅರ್ಧಕ್ಕೇ ಕೈಬಿಡಬೇಕಾಯಿತು.

ಇನ್ನೊಂದು ಪ್ರಸಂಗ ಇದಕ್ಕಿಂತಲೂ ಹತ್ತಿರದ್ದು. ೧೯೬೫ರಲ್ಲಿ ಪೆಸಿಫಿಕ್ ಸಾಗರದ ಟೋಂಗಾ ದೇಶದಲ್ಲಿ, ವಸತಿಶಾಲೆಯ ಊಟಕ್ಕೂ ಪಾಠಕ್ಕೂ ಬೇಸತ್ತ ಆರು ಹುಡುಗರು ಮೀನುಗಾರನೊಬ್ಬನ ದೋಣಿಯನ್ನು ಹೇಳದೆ ತೆಗೆದುಕೊಂಡು ಹೊರಟರು. ಬಿರುಗಾಳಿಗೆ ಸಿಕ್ಕಿ, ಎಂಟು ದಿನ ತೇಲಿ, ಅಟಾ ಎಂಬ ನಿರ್ಜನ ದ್ವೀಪ ಸೇರಿದರು. ೧೯೬೬ರ ಸೆಪ್ಟೆಂಬರಿನಲ್ಲಿ ಪೀಟರ್ ವಾರ್ನರ್ ಎಂಬ ಆಸ್ಟ್ರೇಲಿಯದ ನಾವಿಕನ ಕಣ್ಣಿಗೆ ಬೀಳುವವರೆಗೆ, ಸುಮಾರು ಹದಿನೈದು ತಿಂಗಳು, ಅಲ್ಲಿಯೇ ಬದುಕಿದರು. ಇಬ್ಬಿಬ್ಬರಂತೆ ಸರದಿ ಮಾಡಿಕೊಂಡು ಅಡಿಗೆ, ತೋಟ, ಕಾವಲು ನಡೆಸಿದರು. ಒಮ್ಮೆ ಹೊತ್ತಿಸಿದ ಬೆಂಕಿಯನ್ನು ಆರಲು ಬಿಡಲಿಲ್ಲ. ಜಗಳವಾದರೆ ಇಬ್ಬರನ್ನೂ ದ್ವೀಪದ ಬೇರೆಬೇರೆ ಕಡೆಗೆ ಕಳುಹಿಸಿ, ಕೋಪ ಇಳಿದ ಮೇಲೆ ಕರೆತರುತ್ತ ಇದ್ದರು. ಒಬ್ಬ ಹುಡುಗ ಬಂಡೆಯಿಂದ ಜಾರಿ ಕಾಲು ಮುರಿದುಕೊಂಡ. ಉಳಿದವರು ಕಡ್ಡಿ ಎಲೆಗಳಿಂದ ಕಟ್ಟು ಹಾಕಿ, ಅವನ ಪಾಲಿನ ಕೆಲಸವನ್ನು ತಾವು ಹಂಚಿಕೊಂಡರು. ಮೂಳೆ ನೆಟ್ಟಗೆ ಕೂಡಿಕೊಂಡಿತ್ತು. ಎಕ್ಸ್‌ರೇ ಇಲ್ಲದೆ ಹುಡುಗರು ಮಾಡಿದ ಆ ಕೆಲಸವನ್ನು ನೆನೆದು ವೈದ್ಯರಾದ ನಾವು ತಲೆಬಾಗುತ್ತೇವೆ. ಹಿಂದಿರುಗಿದೊಡನೆ, ದೋಣಿ ಕದ್ದ ಆರೋಪದ ಮೇಲೆ ಅವರನ್ನು ಬಂಧಿಸಿದರೆಂಬುದು ಬೇರೆ ಮಾತು. ವಾರ್ನರ್ ಅವರೇ ದೋಣಿಯ ಬೆಲೆ ತೆತ್ತು ಬಿಡಿಸಿದರು.

ಅಟಾ ದ್ವೀಪ ನಿರ್ಜನವಾಗಿದ್ದುದೇಕೆ ಎಂಬುದೂ ತಿಳಿದಿರಲಿ. ೧೮೬೩ರಲ್ಲಿ ಗುಲಾಮರ ವ್ಯಾಪಾರದ ಹಡಗೊಂದು ಬಂದು ಅಲ್ಲಿನ ನೂರಕ್ಕೂ ಹೆಚ್ಚು ಜನರನ್ನು ಹೊತ್ತೊಯ್ದಿತು. ಉಳಿದವರನ್ನು ಟೋಂಗಾದ ದೊರೆ ಬೇರೆಡೆಗೆ ಸಾಗಿಸಿದನು. ಆ ಜನ ಬಿಟ್ಟುಹೋಗಿದ್ದ ಬಾಳೆ, ಕೆಸುವಿನ ಗೆಡ್ಡೆ, ಕೋಳಿಗಳೇ ನೂರು ವರ್ಷಗಳ ತರುವಾಯ ಆ ಆರು ಹುಡುಗರನ್ನು ಸಾಕಿದವು.

ಟೋಂಗಾದ ಕಥೆಯನ್ನು ಡಚ್ ಲೇಖಕ ರುಟ್ಗರ್ ಬ್ರೆಗ್ಮನ್ ಅವರು ೨೦೨೦ರಲ್ಲಿ ಜಗತ್ತಿಗೆ ಮತ್ತೆ ನೆನಪಿಸಿದಾಗ, ಗೋಲ್ಡಿಂಗ್ ಹೇಳಿದ್ದೆಲ್ಲ ಸುಳ್ಳೆಂದು ಅನೇಕರು ಸಂತೋಷಪಟ್ಟರು. ನಾವು ಅಷ್ಟು ದೂರ ಹೋಗಲಾರೆವು. ಅಟಾದಲ್ಲಿದ್ದವರು ಆರೇ ಮಂದಿ, ವಯಸ್ಸಿನಲ್ಲಿ ಸ್ವಲ್ಪ ಹಿರಿಯರು, ಮೊದಲೇ ಸ್ನೇಹಿತರು. ಒಬ್ಬ ಕಾಣದಿದ್ದರೆ ಐವರಿಗೆ ತಿಳಿಯುತ್ತಿತ್ತು. ಗೋಲ್ಡಿಂಗ್ ಅವರ ದ್ವೀಪದಲ್ಲಿದ್ದವರು ಒಬ್ಬರಿಗೊಬ್ಬರು ಅಪರಿಚಿತರು. ಅವರು ಜೊತೆಗೆ ತಂದದ್ದು ಸ್ನೇಹವನ್ನಲ್ಲ, ಬ್ರಿಟಿಷ್ ಶಾಲೆಯ ಮೇಲು ಕೀಳುಗಳನ್ನು. ಬರ್ಬರತೆ ಕಾಡಿನಲ್ಲಿ ಬೆಳೆದದ್ದೆಂದು ನಮಗೆ ತೋರುವುದಿಲ್ಲ. ಅದರ ಬೀಜ ಆ ಕಪ್ಪು ನಿಲುವಂಗಿಗಳ ಶಿಸ್ತಿನ ಸಾಲಿನಲ್ಲಿಯೇ ಇತ್ತು.

ಕಾದಂಬರಿಯ ಕೊನೆಗೆ ಬರೋಣ. ಪಿಗ್ಗಿ ಸತ್ತಿದ್ದಾನೆ, ಶಂಖ ಚೂರುಚೂರಾಗಿದೆ. ರಾಲ್ಫ್‌ನನ್ನು ಹೊರಕ್ಕೆ ಅಟ್ಟಿ ಕೊಲ್ಲಲೆಂದು ಜಾಕ್‌ನ ಗುಂಪು ಕಾಡಿಗೇ ಬೆಂಕಿ ಇಡುತ್ತದೆ. ರಕ್ಷಣೆಗೆಂದು ಕಷ್ಟಪಟ್ಟು ಎಬ್ಬಿಸಿದ ಹೊಗೆ ಕರೆಯಲಾರದ ಹಡಗನ್ನು ಕೊಲೆಗೆಂದು ಇಟ್ಟ ಬೆಂಕಿಯ ಹೊಗೆ ಕರೆಯುತ್ತದೆ. ನೌಕಾಪಡೆಯ ಅಧಿಕಾರಿ ದಂಡೆಯಲ್ಲಿ ನಿಂತು, ಇಲ್ಲಿ ಯಜಮಾನ ಯಾರೆಂದು ಕೇಳುತ್ತಾನೆ. ತಾನೆಂದು ರಾಲ್ಫ್ ಗಟ್ಟಿಯಾಗಿ ಹೇಳುತ್ತಾನೆ. ಸೊಂಟಕ್ಕೆ ಪಿಗ್ಗಿಯ ಮುರುಕು ಕನ್ನಡಕ ಕಟ್ಟಿಕೊಂಡ ಕೆಂಗೂದಲಿನ ಹುಡುಗ ಒಂದು ಹೆಜ್ಜೆ ಮುಂದಿಟ್ಟು, ಮನಸ್ಸು ಬದಲಿಸಿ ನಿಂತುಬಿಡುತ್ತಾನೆ. ಅವನೇ ಜಾಕ್. ನೀವು ಎಷ್ಟು ಮಂದಿ ಇದ್ದೀರಿ ಎಂದು ಅಧಿಕಾರಿ ಕೇಳುತ್ತಾನೆ. ರಾಲ್ಫ್ ತಲೆಯಾಡಿಸುತ್ತಾನೆ. ಅವನಿಗೆ ಗೊತ್ತಿಲ್ಲ.

ಯಾರಾದರೂ ಸತ್ತಿದ್ದಾರೆಯೆ ಎಂಬ ಪ್ರಶ್ನೆಗೆ ಇಬ್ಬರು ಎಂಬ ಉತ್ತರ ಬರುತ್ತದೆ. ಸೈಮನ್ ಮತ್ತು ಪಿಗ್ಗಿ. ಮುಖದ ಮೇಲೆ ಮಚ್ಚೆಯಿದ್ದ ಹುಡುಗ ಆ ಲೆಕ್ಕದಲ್ಲಿಯೂ ಸೇರಲಿಲ್ಲ.

ಅದೇ ದಂಡೆಯಲ್ಲಿ ಪರ್ಸಿವಲ್ ಎಂಬ ಪುಟ್ಟ ಹುಡುಗನೊಬ್ಬ ಇದ್ದಾನೆ. ಕಳೆದುಹೋದರೆ ಹೇಳಲೆಂದು ಮನೆಯಲ್ಲಿ ಅವನಿಗೆ ಪೂರ್ಣ ಹೆಸರು, ಮನೆಯ ವಿಳಾಸ, ಫೋನ್ ಸಂಖ್ಯೆ ಎಲ್ಲವನ್ನೂ ಬಾಯಿಪಾಠ ಮಾಡಿಸಿದ್ದರು. ಮೊದಮೊದಲು ಅಳುವಾಗಲೆಲ್ಲ ಅದನ್ನು ಮಂತ್ರದಂತೆ ಒಪ್ಪಿಸುತ್ತಿದ್ದ. ಈಗ ಅಧಿಕಾರಿಯ ಮುಂದೆ ಬಂದು ಬಾಯಿ ತೆರೆಯುತ್ತಾನೆ, ಹೆಸರೇ ನೆನಪಾಗುವುದಿಲ್ಲ. ನಮ್ಮನ್ನು ಊರಿನ ಜಾತ್ರೆಗೆ ಕರೆದೊಯ್ಯುವ ಮೊದಲು ಅಜ್ಜಿ ಬಾಗಿಲಲ್ಲಿ ನಿಲ್ಲಿಸಿಕೊಂಡು, ನಿನ್ನ ಹೆಸರೇನು, ಅಪ್ಪನ ಹೆಸರೇನು, ಯಾವ ಗುಡಿಯ ಹಿಂದಿನ ಬೀದಿ ಎಂದು ಮೂರು ಸಲ ಹೇಳಿಸುತ್ತಿದ್ದರು. ಆ ಪುಟವನ್ನು ಓದುವಾಗ ಅದು ನೆನಪಾಗಿ ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟೆವು.

ಎರಡು ರಾತ್ರಿಯ ಓದು ಮುಗಿದ ಮೇಲೆ ಮಗಳೊಡನೆ ಇದನ್ನೆಲ್ಲ ಮಾತನಾಡಿದೆವು. ಪಿಗ್ಗಿಯ ನಿಜವಾದ ಹೆಸರು ಎಲ್ಲಿಯಾದರೂ ಇದೆಯೇ ಎಂದು ಅವಳೂ ಒಮ್ಮೆ ಹುಡುಕಿದಳು. ಅನಂತರ ತರಗತಿಗೆ ಪ್ರಬಂಧ ಬರೆಯುವಾಗ ಅವಳು ಪಿಗ್ಗಿಯನ್ನೂ ಬಿಟ್ಟು, ಮಚ್ಚೆಯ ಹುಡುಗನ ವಿಷಯವಾಗಿ ಮೂರು ಪುಟ ಬರೆದಳು. ಬಿ ಪ್ಲಸ್ ಬಂದಿತು. ಈ ಹುಡುಗ ಕಥೆಯಲ್ಲಿ ಮುಖ್ಯ ಪಾತ್ರವಲ್ಲ ಎಂದು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು.